ಭಟ್ಟಿಯ ಮೇಲೆ ಒಣಗಿದ ಹೂವಿನ ಕೊಂಬು

ಸಸ್ಯಶಾಸ್ತ್ರ ಓದಿ ಈಗಷ್ಟೇ ಕೆಲಸಕ್ಕೆ ಸೇರಿದವರು ಆಗಾಗ ಡೊಂಬಿವಲಿಯ ನನ್ನ ಮನೆಗೆ ಬರುತ್ತಾರೆ. ಹೊಸ ಪ್ರಭೇದವೊಂದು ಸಿಕ್ಕಿದಾಗ ಹೇಗನಿಸುತ್ತದೆ ಎಂದು ಕೇಳುತ್ತಾರೆ. ಮಂಜು ಮುಸುಕಿದ ಕಾಡು, ಪಾಚಿ ಹಿಡಿದ ಮರ, ಥಟ್ಟನೆ ಕಣ್ಣಿಗೆ ಬಿದ್ದ ಹೂವು ಇವನ್ನೆಲ್ಲ ನಾನು ವರ್ಣಿಸುತ್ತೇನೆಂದು ಅವರು ಕಾದಿರುತ್ತಾರೆ. ನನಗೆ ಮೊದಲು ನೆನಪಾಗುವುದು ಕಲ್ಯಾಣ ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲಿನ ಅಡುಗೆಮನೆ. ಅಲ್ಲಿನ ಭಟ್ಟಿಯ ಮೇಲಿನ ಕಬ್ಬಿಣದ ಹಲಗೆ.

ಇದನ್ನು ಬರೆಯುವಾಗ ಹಳೆಯ ದಿನಚರಿಗಳನ್ನು ಪಕ್ಕದಲ್ಲಿಟ್ಟುಕೊಂಡಿದ್ದೇನೆ. ಅವುಗಳಿಂದ ಹೆಚ್ಚು ಉಪಯೋಗವಿಲ್ಲ. ಫಾಸ್ಟ್ ಲೋಕಲ್ ರೈಲು ತಡವಾದದ್ದು, ನೀರಿನ ಟ್ಯಾಂಕರ್ ಬಾರದೆ ಹೋದದ್ದು ಇವೇ ತುಂಬಿವೆ. ಮುಖ್ಯವೆಂದು ಈಗ ನಾನು ಹೇಳಹೊರಟ ದಿನಗಳಲ್ಲಿ ಹಲವಕ್ಕೆ ಒಂದು ಸಾಲೂ ಇಲ್ಲ. ಆದ್ದರಿಂದ ಮಾತುಗಳು ಇದ್ದಂತೆಯೇ ಇವೆ ಎಂದು ಆಣೆ ಮಾಡಲಾರೆ. ಅವುಗಳ ಅರ್ಥ ಇದೇ ಇತ್ತು ಎಂಬುದು ಮಾತ್ರ ಖಾತ್ರಿ.

ಈ ಕೆಲಸಕ್ಕೆ ಬರುವವರು ಒಂದು ವಿಷಯ ತಿಳಿದಿರಬೇಕು. ಹುಡುಕುವುದು ಇದರಲ್ಲಿ ಚಿಕ್ಕ ಪಾಲು, ಹೋಲಿಸುವುದೇ ದೊಡ್ಡದು. ಕೈಯಲ್ಲಿರುವ ಗಿಡ ಯಾರೂ ಹೆಸರಿಡದ್ದು ಎಂದು ಹೇಳಬೇಕಾದರೆ, ಹೆಸರಿಟ್ಟ ಅದರ ನೆಂಟರನ್ನೆಲ್ಲ ಒಬ್ಬೊಬ್ಬರಾಗಿ ನೋಡಿ, ಇದು ಅವರಲ್ಲ, ಇದು ಇವರಲ್ಲ ಎಂದು ತೀರ್ಮಾನಿಸಬೇಕು. ನಾವು ನಮ್ಮ ಆಯುಷ್ಯವನ್ನು 'ಅಲ್ಲ' ಮತ್ತು 'ಇಲ್ಲ' ಎನ್ನುವುದರಲ್ಲೇ ಕಳೆಯುತ್ತೇವೆ.

ನಾನು ಕೆಲಸ ಕಲಿತ ಕಾಲದಲ್ಲಿ ಇದಕ್ಕಿಂತ ದೊಡ್ಡ ತೊಡಕು ಲ್ಯಾಟಿನ್ ಆಗಿತ್ತು. ಹೊಸ ಗಿಡದ ವಿವರಣೆ ಆ ಭಾಷೆಯಲ್ಲಿ ಇರಲೇಬೇಕು. ಎರಡು ಸಾವಿರದ ದಶಕದ ಆರಂಭದಲ್ಲಿ ಒಂದು ಹುಲ್ಲಿಗಾಗಿ ನಾನು ಠಾಣೆಯ ವೃದ್ಧ ಪಾದ್ರಿಯೊಬ್ಬರ ಬಳಿಗೆ ಹೋಗಿದ್ದೆ. ಅವರು ನನ್ನ ಕರಡು ಓದಿ, ಬಹಳ ಮರ್ಯಾದೆಯಿಂದ, "ನೀವು ಬರೆದ ಪ್ರಕಾರ ಈ ಹುಲ್ಲು ಪಶ್ಚಾತ್ತಾಪ ಪಡುತ್ತಿದೆ" ಎಂದರು. ಬಾಗಿದೆ ಎಂದು ಬರೆಯಲು ಹೋಗಿ ಅಂಥದೇನೋ ಬರೆದಿದ್ದೆ. ರೇಣುಕಾ ಬರುವ ಹೊತ್ತಿಗೆ ಆ ನಿಯಮ ಸಡಿಲವಾಗಿತ್ತು, ಇಂಗ್ಲಿಷಿನಲ್ಲಿ ಬರೆದರೂ ಸಾಕಿತ್ತು. ಹೆಸರು ಮಾತ್ರ ಲ್ಯಾಟಿನ್ನಿನದೇ ಆಗಬೇಕು. ಆ ಹೆಸರೇ ಮುಂದೆ ನಮ್ಮ ನಿದ್ದೆ ಕೆಡಿಸಿತು.

ರೇಣುಕಾ ನನ್ನ ಕೊನೆಯ ಸಂಶೋಧನಾ ವಿದ್ಯಾರ್ಥಿನಿ. ಅವಳ ತಂದೆ ಶರಣಪ್ಪ ವಿಜಯಪುರದ ಕಡೆಯಿಂದ ಬಂದವರು, ಮಹಾಪೆಯ ಗೋದಾಮೊಂದರಲ್ಲಿ ಲೋಡಿಂಗ್ ಕೆಲಸ ಮಾಡುತ್ತಿದ್ದರು. ಅವಳು ಓದಿದ್ದೆಲ್ಲ ಮರಾಠಿ ಶಾಲೆಯಲ್ಲಿ. ಕನ್ನಡ ಬರೆಯಲು ಬಾರದು, ಆದರೆ ಮನೆಯ ಮಾತು ಗಟ್ಟಿಯಾಗಿತ್ತು. ದಿನವೂ ಶಿಳ್‌ಫಾಟಾ ದಾರಿಯಲ್ಲಿ ಬಸ್ಸಿಗೆ ನಿಂತು ಬರುವವಳು. ನನ್ನ ಕರಾವಳಿ ಕನ್ನಡ ಕೇಳಿ ಮೊದಲ ವಾರ ನಕ್ಕಿದ್ದಳು. "ಮೇಡಮ್ರಿ, ನೀವು ಪುಸ್ತಕ ಓದಿದಂಗ ಮಾತಾಡ್ತೀರಿ" ಎಂದಿದ್ದಳು.

ಅವಳ ವಿಷಯ ಈಶಾನ್ಯದ ಬೆಟ್ಟಕಾಡುಗಳಲ್ಲಿ ಬೆಳೆಯುವ ಬ್ಲೂಬೆರಿಯ ಕಾಡು ನೆಂಟರು. ಪೇಟೆಯಲ್ಲಿ ಈಗ ಡಬ್ಬಿಯಲ್ಲಿ ಸಿಗುವ ಆ ಹಣ್ಣಿನ ಬಂಧುಬಳಗ ನಮ್ಮ ದೇಶದ ಎತ್ತರದ ಕಾಡುಗಳಲ್ಲಿ ಸಾಕಷ್ಟಿದೆ. ಕೆಲವು ನೆಲದ ಮೇಲಲ್ಲ, ಮರದ ಕೊಂಬೆಗಳ ಪಾಚಿಯಲ್ಲಿ ಬೇರೂರಿ ಬೆಳೆಯುತ್ತವೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ಮೇ ರಜೆಯಲ್ಲಿ ನಾವಿಬ್ಬರೂ ಅರುಣಾಚಲದ ಒಂದು ಬೆಟ್ಟಕ್ಕೆ ಹೋದೆವು. ಅಲ್ಲಿ ಅಂಥದೊಂದು ಪೊದೆ ಸಿಕ್ಕಿತು. ಗಂಟೆಯಾಕಾರದ ಸಣ್ಣ ಹೂವು, ಬಿಳಿಗೆ ಕೆಂಪು ಗೆರೆ. ಅದೇ ಬೆಟ್ಟದಲ್ಲಿ ಇರುವ, ಹಿಂದೆಯೇ ಹೆಸರು ಪಡೆದ ಇನ್ನೊಂದು ಗಿಡದ ಹಾಗೆಯೇ ಇತ್ತು, ಎಲೆ ಮಾತ್ರ ಚಿಕ್ಕದು. ಆಗ ಯಾರೂ ಕೂಗಿಕೊಳ್ಳಲಿಲ್ಲ. ಜಿಗಣೆ ಕೀಳುವುದರಲ್ಲಿದ್ದೆವು.

ಅಲ್ಲಿನ ಮಳೆಯಲ್ಲಿ ಗಿಡ ಒಣಗಿಸಲಾಗದು. ಪತ್ರಿಕೆಯ ಹಾಳೆಗಳ ನಡುವೆ ಇಟ್ಟು, ಸ್ಪಿರಿಟ್ ಚಿಮುಕಿಸಿ, ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಕಟ್ಟಿ, ಊರಿಗೆ ತಂದು ಒಣಗಿಸುವ ಕ್ರಮವಿದೆ. ಹಾಗೇ ಮಾಡಿದೆವು. ಬೇರೆಯಾಗಿ ಒಂದಷ್ಟು ಹೂಗಳನ್ನು ಸ್ಪಿರಿಟ್ ತುಂಬಿದ ಬಾಟಲಿಯಲ್ಲೂ ಇಟ್ಟಿದ್ದೆವು. ರೈಲಿನಲ್ಲಿ ಮುಚ್ಚಳ ಸಡಿಲವಾಗಿ ಬಾಟಲಿ ಖಾಲಿಯಾಯಿತು, ಹೂಗಳು ಕಂದು ಬಣ್ಣದ ಮುದ್ದೆಯಾದವು. ಕಲ್ಯಾಣದಲ್ಲಿ ಇಳಿದಾಗ ಜೂನಿನ ಮೊದಲ ಮಳೆ ಹೊಡೆಯುತ್ತಿತ್ತು. ನಮ್ಮ ಕಾಲೇಜಿನ ಒಣಗಿಸುವ ಪೆಟ್ಟಿಗೆ ಕೆಟ್ಟು ಒಂದು ವರ್ಷವಾಗಿತ್ತು.

ಹೀಗಾಗಿ ಶೇಖರಣ್ಣ. ನನ್ನ ದೊಡ್ಡಪ್ಪನ ಮಗ, ಕಲ್ಯಾಣದಲ್ಲಿ ಹೋಟೆಲು ನಡೆಸುವವನು. ಅವನ ಭಟ್ಟಿಯ ಮೇಲೆ, ಒದ್ದೆ ಬಟ್ಟೆ ಒಣಗಿಸಲು ಹಾಕಿದ ಹಲಗೆಯ ಮೇಲೆ, ಮಳೆಗಾಲದ ಗಿಡಗಳನ್ನು ನಾನು ಹಿಂದೆಯೂ ಎಷ್ಟೋ ಬಾರಿ ಇಟ್ಟಿದ್ದೆ. ಮನೆಯಲ್ಲಿ ನಾವು ತುಳು ಆಡುವವರು. ಅಂದು ರೇಣುಕಾ ಜೊತೆಗಿದ್ದುದರಿಂದ ಅವನು ಕನ್ನಡಕ್ಕೆ ತಿರುಗಿದ.

"ಪುನಃ ಸೊಪ್ಪು ತಂದ್ಯಾ? ನಾನು ಎಂತ, ಹೋಟ್ಲು ಇಟ್ಟದ್ದಾ, ನರ್ಸರಿ ಇಟ್ಟದ್ದಾ?"

"ನಾಲ್ಕು ದಿವಸ ಅಣ್ಣ."

"ಸಾಂಬಾರಿನ ಪರಿಮಳ ಹಿಡಿದ್ರೆ ನನ್ನನ್ನು ಕೇಳ್ಬೇಡ. ಹೋದ ಸಲ ನಿನ್ನ ಹುಲ್ಲು ಮಸಾಲೆದೋಸೆಯ ಹಾಗೆ ಗರಿಗರಿ ಆಗಿತ್ತು. ಒಂದು ಗಿರಾಕಿ ಕೇಳಿದ್ದ, ಅದು ಎಂತ ಐಟಂ ಅಂತ."

ಅದು ಬರಿಯ ತಮಾಷೆಯಲ್ಲ. ನಮ್ಮ ಹಾಳೆಗಳಿಗೆ ಇಂಗಿನ ವಾಸನೆ ಅಂಟುತ್ತಿದ್ದುದು ನಿಜ. ದೊಡ್ಡ ಸಂಗ್ರಹಾಲಯವೊಂದರ ಅಧಿಕಾರಿ ಒಮ್ಮೆ ಈ ಗಿಡದಲ್ಲಿ ಸುಗಂಧದ ಎಣ್ಣೆ ಇರಬಹುದೇ ಎಂದು ಗಂಭೀರವಾಗಿ ಕೇಳಿದ್ದರು.

ಒಣಗಿದ ಹೂವನ್ನು ಕುದಿಯುವ ನೀರಿನಲ್ಲಿ ಮೆತ್ತಗೆ ಮಾಡಿ, ಸೂಜಿಯಿಂದ ಬಿಡಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ರೇಣುಕಾ ನೋಡಿದಳು. ಈ ಕುಲದ ಗಿಡಗಳ ಹೂವಿನಲ್ಲಿ ಪರಾಗ ತುಂಬಿದ ಚೀಲಗಳಿರುತ್ತವೆ. ಹಲವು ಪ್ರಭೇದಗಳಲ್ಲಿ ಆ ಚೀಲದ ಬೆನ್ನ ಮೇಲೆ ಎರಡು ಪುಟ್ಟ ಮೊನೆಗಳು, ಆಡಿನ ಮರಿಗೆ ಮೂಡಿದ ಕೊಂಬಿನಂತೆ. ಹಿಂದೆಯೇ ಹೆಸರು ಪಡೆದ ಆ ನೆಂಟನಿಗೆ ಕೊಂಬುಗಳಿವೆ. ನಮ್ಮದಕ್ಕೆ ಇರಲಿಲ್ಲ. ನಾನೂ ನೋಡಿದೆ. ಬೆನ್ನು ನುಣ್ಣಗಿತ್ತು.

ಎಲೆ ಚಿಕ್ಕದು ಎಂಬುದು ಅಂಥ ದೊಡ್ಡ ವಿಷಯವಲ್ಲ. ಗಾಳಿ, ನೆರಳಿಗೆ ತಕ್ಕಂತೆ ಎಲೆ ಹಿಗ್ಗುತ್ತದೆ, ಕುಗ್ಗುತ್ತದೆ. ಕೊಂಬು ಇದ್ದದ್ದು ಇಲ್ಲವಾಗುವುದೆಂದರೆ ಬೇರೆ ಮಾತು. ನಮ್ಮ ಇಡೀ ವಾದ ಅದರ ಮೇಲೆ ನಿಂತಿತು. ಗಿಡಕ್ಕೆ ನಾವಿಟ್ಟ ಲ್ಯಾಟಿನ್ ಹೆಸರಿನ ಅರ್ಥವೂ 'ಕೊಂಬಿಲ್ಲದ್ದು' ಎಂದೇ.

ಸಂಶೋಧನಾ ಪತ್ರಿಕೆಗೆ ಲೇಖನ ಕಳಿಸಿದ ವಾರವೇ ಶರಣಪ್ಪನವರು ಪೇಡೆಯ ಡಬ್ಬಿ ಹಿಡಿದು ಕಾಲೇಜಿಗೆ ಬಂದರು. ಚಪ್ಪಲಿಯನ್ನು ಸ್ಟಾಫ್‌ರೂಮಿನ ಹೊರಗೇ ಬಿಟ್ಟಿದ್ದರು.

"ನಮ್ಮ ಬಸ್ತ್ಯಾಗ ಎಲ್ಲಾರ್ಗೂ ಕೊಟ್ಟೇನ್ರಿ ಬಾಯಾರ. ನಮ್ಮ ರೇಣವ್ವ ದೇವ್ರು ಮಾಡಿದ್ದಕ್ಕ ಹೆಸ್ರು ಇಟ್ಟಾಳಂತ ಹೇಳೇನ್ರಿ."

"ಅಪ್ಪಾ, ಇನ್ನಾ ಛಾಪಾ ಆಗಿಲ್ಲ" ಎಂದಳು ರೇಣುಕಾ, ಅಚ್ಚಾಗಿಲ್ಲ ಎಂದು.

"ಆಗ್ತದ ಬಿಡು. ಕೂಸು ಹುಟ್ಟೇತಿ, ದಾಖಲೆ ಆಮ್ಯಾಲ ಬರ್ತದ."

ಪೇಡೆ ತಿಂದೆ. ಬೇಡವೆನ್ನಲು ಸಾಧ್ಯವಿರಲಿಲ್ಲ. ಆಗ ನನ್ನ ಮನಸ್ಸಿಗೆ ಸ್ವಲ್ಪವಾದರೂ ಅಳುಕಿತ್ತೇ ಎಂದು ಈಗ ಕೇಳಿಕೊಳ್ಳುತ್ತೇನೆ. ಇತ್ತು ಎಂದು ಹೇಳಿದರೆ ನಾನು ಜಾಣೆಯಾಗುತ್ತೇನೆ. ಇತ್ತೆಂಬ ನೆನಪಿಲ್ಲ.

ಪತ್ರಿಕೆಯ ಪರಿಶೀಲಕರ ಉತ್ತರ ಮಳೆಗಾಲ ಮುಗಿಯುವ ಹೊತ್ತಿಗೆ ಬಂತು. ಪರಿಶೀಲಕರು ಯಾರೆಂದು ನಮಗೆ ತಿಳಿಸುವುದಿಲ್ಲ. ಯಾರೇ ಆಗಿರಲಿ, ಕೆಲಸ ಬಲ್ಲವರು. ಅವರು ಹೇಳಿದ್ದು ಇಷ್ಟು: ಚಿತ್ರದಲ್ಲಿ ಹೂವಿನ ದಳಗಳು ಸುಕ್ಕುಗಟ್ಟಿವೆ, ಬಹಳ ಹೆಚ್ಚಿನ ಶಾಖದಲ್ಲಿ ಒಣಗಿಸಿದಂತೆ ಕಾಣುತ್ತದೆ. ಹಾಗೆ ಒಣಗಿದಾಗ ಕೊಂಬುಗಳು ಕಡ್ಡಿಯಂತೆ ಮುರಿದು ಉದುರಬಹುದು. ಸ್ಪಿರಿಟ್‌ನಲ್ಲಿಟ್ಟ ಹೂವನ್ನು ನೋಡದೆ, ಕೊಂಬೇ ಇಲ್ಲವೆಂದು ಹೇಗೆ ಹೇಳುತ್ತೀರಿ?

ನಾವು ಉಳಿದ ಹೂಗಳನ್ನೆಲ್ಲ ಮತ್ತೆ ತೆಗೆದೆವು. ಒಂದೇ ಒಂದು ಚೀಲದ ಬೆನ್ನ ಮೇಲೆ ಕಂದು ಚುಕ್ಕೆಯೊಂದು ಕಂಡಿತು. ಮೊನೆ ಮುರಿದ ಗಾಯವೂ ಆಗಿರಬಹುದು, ಬರಿಯ ಕಲೆಯೂ ಆಗಿರಬಹುದು. ಬೇರೆ ಸಂಗ್ರಹಾಲಯದಿಂದ ಆ ಹಳೆಯ ನೆಂಟನ ಒಣ ಮಾದರಿ ತರಿಸಿದೆವು. ಅದರ ಕೊಂಬುಗಳು ನೆಟ್ಟಗೇ ಇದ್ದವು. ಆದರೆ ಅದು ಬಿಸಿಲಿನಲ್ಲಿ ನಿಧಾನವಾಗಿ ಒಣಗಿದ್ದು. ಭಟ್ಟಿ ಕಂಡದ್ದಲ್ಲ.

ಏನು ಪಣಕ್ಕಿದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಆ ಗಿಡವೇ ರೇಣುಕಾಳ ಪ್ರಬಂಧದ ನಡುಗಂಬ. ಮುಂದಿನ ವರ್ಷ ನನ್ನ ನಿವೃತ್ತಿ, ಆಮೇಲೆ ನಾನು ಮಾರ್ಗದರ್ಶಕಿಯಾಗಿ ಇರುವಂತಿಲ್ಲ. ನಡುವೆ ಇದ್ದದ್ದು ಹೂ ಬಿಡುವ ಒಂದೇ ಕಾಲ. ಅದೂ ಅಲ್ಲದೆ, ಗಿಡದ ಹೆಸರಿನದು ವಿಚಿತ್ರ ಕಾನೂನು: ಒಮ್ಮೆ ಅಚ್ಚಾದರೆ, ಅರ್ಥ ತಪ್ಪೆಂದು ಬದಲಿಸುವಂತಿಲ್ಲ. ಕೊಂಬಿರುವ ಗಿಡಕ್ಕೆ 'ಕೊಂಬಿಲ್ಲದ್ದು' ಎಂದು ಹೆಸರಿಟ್ಟವರು ಎಂದು ನಾವು ಶಾಶ್ವತವಾಗಿ ಉಳಿಯುತ್ತಿದ್ದೆವು. ಪರಿಶೀಲಕರು ಅಲ್ಲಿಗೆ ತಲುಪುವ ಮೊದಲೇ ನಮ್ಮನ್ನು ನಿಲ್ಲಿಸಿದ್ದರು. ಹೊಸಬರಿಗೆ ಹೇಳುತ್ತೇನೆ, ಪರಿಶೀಲಕರ ಕಟು ಪತ್ರ ಬಂದ ದಿನ ಬೈದುಕೊಳ್ಳಿ, ಮರುದಿನ ಓದಿ.

ಶೇಖರಣ್ಣನಿಗೆ ಈ ಸುದ್ದಿ ಹೇಳಬಾರದಿತ್ತು. ಹೇಳಿದೆ.

"ಹಾಗಾದ್ರೆ ನನ್ನ ಭಟ್ಟಿ ನಿನ್ನ ಹೂವಿನ ಕೊಂಬು ತಿಂದದ್ದಾ?"

"ಗೊತ್ತಿಲ್ಲ ಅಣ್ಣ. ಅದೇ ನೋಡ್ಬೇಕು."

"ಇಷ್ಟು ವರ್ಷ ದೋಸೆ ಸುಟ್ಟಿದ್ದೇನೆ. ಒಬ್ಬನೂ ಬಂದು ನನ್ನ ದೋಸೆಯ ಕೊಂಬು ಎಲ್ಲಿ ಅಂತ ಕೇಳ್ಲಿಲ್ಲ." ಗಲ್ಲಾದ ಹಿಂದಿನಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಕೊಂಬು ಬಂದದ್ದು ನಿನಗೆ ಮಾರಾಯ್ತಿ, ಹೊಸ ಗಿಡ ಸಿಕ್ಕಿತು ಅಂತ. ಹೂವನ್ನು ಯಾಕೆ ದೂರ್ತೀ?"

ರೇಣುಕಾ ಬಾಯಿಗೆ ಓಢಣಿ ಒತ್ತಿಕೊಂಡು ನಕ್ಕಳು. ಆ ತಿಂಗಳಲ್ಲಿ ಅವಳು ನಕ್ಕದ್ದು ಅದೊಂದೇ ಸಲ ಎನಿಸುತ್ತದೆ. ಅವರ ಬಸ್ತಿಯ ಓಣಿಯಲ್ಲಿ ದಿನವೂ ಯಾರಾದರೂ ಛಾಪಾ ಆಯಿತೇ ಎಂದು ಕೇಳುತ್ತಿದ್ದರಂತೆ. ತಂದೆ ಮಾತ್ರ ಕೇಳುತ್ತಿರಲಿಲ್ಲ. "ಅವ್ರು ಕೇಳಿದ್ರ ಛಲೋ ಇತ್ರಿ ಮೇಡಮ್. ಸುಮ್ನ ಕುಂದ್ರತಾರ" ಎಂದಿದ್ದಳು.

ಇಲ್ಲಿ ನಮ್ಮ ಪ್ರಿನ್ಸಿಪಾಲ್ ಸಾವಂತ್ ಸರ್ ಬಗ್ಗೆ ಹೇಳಬೇಕು. ರಸಾಯನಶಾಸ್ತ್ರದವರು. ಗಿಡಕ್ಕೆ ಹೆಸರಿಡುವ ಕೆಲಸ ಅವರ ಕಣ್ಣಿಗೆ ಅಂಚೆಚೀಟಿ ಸಂಗ್ರಹಿಸಿದ ಹಾಗೆ. ಅವರೊಂದಿಗೆ ನಾನು ವರ್ಷಗಟ್ಟಲೆ ಜಗಳವಾಡಿದ್ದೆ, ಕಪಾಟಿಗೆ, ಜಾಗಕ್ಕೆ, ಆ ಕೆಟ್ಟ ಪೆಟ್ಟಿಗೆಗೆ. ಈ ಸಲ ಇನ್ನೊಂದು ಪ್ರವಾಸಕ್ಕೆ ಅನುಮತಿ ಕೇಳಲು ಹೋದಾಗ ತಯಾರಾಗಿಯೇ ಹೋಗಿದ್ದೆ. ಅವರು ಪರಿಶೀಲಕರ ಪತ್ರ ಪೂರ್ತಿ ಓದಿದರು. ಆಮೇಲೆ ಮರಾಠಿಯಲ್ಲಿ, ಪ್ರಯೋಗವನ್ನು ಎರಡನೇ ಸಲ ಮಾಡುವುದಕ್ಕೆ ತಮ್ಮ ವಿಷಯದಲ್ಲಿ ಯಾರೂ ಅನುಮತಿ ಕೇಳುವುದಿಲ್ಲ ಎಂದು ಹೇಳಿ ಸಹಿ ಹಾಕಿದರು. ಇಷ್ಟು ವರ್ಷ ಅವರನ್ನು ಒಂದೇ ಕಡೆಯಿಂದ ನೋಡಿದ್ದೆನೇ ಎಂದು ಆಗ ಅನಿಸಿತೋ, ಈಗ ಬರೆಯುವಾಗ ಅನಿಸಿತೋ, ಹೇಳಲಾರೆ.

ಮೇ ತಿಂಗಳಲ್ಲಿ ನನ್ನ ಮೊಣಕಾಲು ಕೈಕೊಟ್ಟಿತ್ತು. ಬೆಟ್ಟ ಹತ್ತುವಂತಿರಲಿಲ್ಲ. ರೇಣುಕಾ ಒಬ್ಬಳೇ ಹೋದಳು. ಹಿಂದಿನ ಸಲ ದಾರಿ ತೋರಿಸಿದ್ದ ಅಲ್ಲಿನ ಶಾಲಾ ಮಾಸ್ತರರು ಮತ್ತು ಅವರ ಹೆಂಡತಿ ಅವಳ ಜೊತೆ ಹತ್ತಿದರು. ಹೋಗುವ ಮೊದಲು ನಾವು ಒಂದು ಕ್ರಮ ಗೊತ್ತುಮಾಡಿಕೊಂಡೆವು. ನಮ್ಮ ಗಿಡದ ಹೂ, ಆ ಹಳೆಯ ನೆಂಟನ ಹೂ, ಎರಡನ್ನೂ ಸ್ಪಿರಿಟ್‌ನಲ್ಲಿ ತರಬೇಕು. ಅವಳು ಬೆಟ್ಟದಲ್ಲೇ ಭೂತಗನ್ನಡಿಯಿಂದ ನೋಡಬಹುದು, ಆದರೆ ನನಗೆ ಹೇಳಬಾರದು. ನನಗೆ ತೋರಿಸುವಾಗ ಪರಾಗದ ಚೀಲಗಳನ್ನು ಮಾತ್ರ ಬಿಡಿಸಿ ಎರಡು ಗಾಜಿನ ಪಟ್ಟಿಗಳ ಮೇಲೆ ಇಡಬೇಕು, ಯಾವುದು ಯಾವ ಗಿಡದ್ದು ಎಂದು ತಿಳಿಸಬಾರದು. ಬೇಕೆಂದು ಬಯಸಿದ ಕಣ್ಣು ಬಯಸಿದ್ದನ್ನೇ ಕಾಣುತ್ತದೆ. ನಾನು ಎಲ್ಲ ವಿದ್ಯಾರ್ಥಿಗಳಿಗೂ ಕಲಿಸಿದ ಕ್ರಮ ಇದು. ಕಲಿಸುವಾಗ ಸುಲಭವಾಗಿತ್ತು.

ಬೆಟ್ಟದಿಂದ ಇಳಿದ ಮೇಲೆ ಅವಳ ಫೋನು ಬಂತು.

"ಹೂ ಸಿಕ್ವೇನೇ?"

"ಸಿಕ್ಕಾವ್ರಿ. ಎರಡೂ ಸಿಕ್ಕಾವು. ಮುಚ್ಚಳಕ್ಕ ಮೇಣ ಹಚ್ಚೇನ್ರಿ ಈ ಸಲ."

"ನೋಡಿದ್ಯಾ?"

"ನೋಡೇನ್ರಿ."

ನಾನು ಫೋನನ್ನು ಕಿವಿಗೆ ಇನ್ನೂ ಒತ್ತಿಕೊಂಡೆ.

"ನಾ ಹೇಳಂಗಿಲ್ರಿ ಮೇಡಮ್. ನೀವ ಹೇಳೀರಿ, ಹೇಳಬ್ಯಾಡ ಅಂತ."

"ಹೌದು, ಹೇಳ್ಬೇಡ" ಎಂದೆ. ಅವಳ ದನಿಯಲ್ಲಿ ಏನಾದರೂ ಸಿಗುತ್ತದೆಯೇ ಎಂದು ಹುಡುಕಿದೆ. ಶೀತವಾಗಿತ್ತು, ಅಷ್ಟೇ. ಆಮೇಲಿನ ದಿನಗಳಲ್ಲಿ ಆ ಶೀತಕ್ಕೆ ನಾನು ಕೊಡದ ಅರ್ಥವಿಲ್ಲ. ಅತ್ತಿರಬೇಕು ಎಂದುಕೊಂಡೆ. ಅತ್ತಿದ್ದರೆ ಹೇಳದೆ ಇರುತ್ತಿದ್ದಳೇ ಎಂದುಕೊಂಡೆ. ಅವಳ ರೈಲು ಬಂಗಾಳ ದಾಟಿ, ನಾಗಪುರ ದಾಟಿ, ನನ್ನ ಕಡೆ ಬರುತ್ತಿದ್ದಾಗ ಸಾರಿಗೆ ಎರಡು ಸಲ ಉಪ್ಪು ಹಾಕಿ ಯಜಮಾನರಿಂದ ಬೈಸಿಕೊಂಡೆ. ಇದು ಮಾತ್ರ ದಿನಚರಿಯಲ್ಲಿದೆ.

ಕಲ್ಯಾಣದಲ್ಲಿ ಇಳಿದವಳು ಮನೆಗೆ ಹೋಗದೆ ನೇರ ಕಾಲೇಜಿಗೆ ಬಂದಳು. ರಜೆ, ಪ್ರಯೋಗಶಾಲೆಯಲ್ಲಿ ಯಾರೂ ಇರಲಿಲ್ಲ. ನನ್ನನ್ನು ಹೊರಗೆ ಕೂರಿಸಿ ಗಾಜಿನ ಪಟ್ಟಿಗಳನ್ನು ಸಿದ್ಧಮಾಡಿದಳು. ಕರೆದಾಗ ಒಳಗೆ ಹೋದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ನಿಂತಳು, ಮುಖ ನೋಡಿ ನಾನು ಊಹಿಸಬಾರದೆಂದು.

ಮೊದಲನೆಯ ಪಟ್ಟಿ. ಬೆಳಕು ಸರಿಮಾಡಿಕೊಂಡೆ. ಚೀಲದ ಬೆನ್ನ ಮೇಲೆ ಎರಡು ಕೊಂಬುಗಳು, ಸ್ಪಷ್ಟವಾಗಿ, ಪಾರದರ್ಶಕವಾಗಿ.

"ಇದರಲ್ಲಿ ಉಂಟು" ಎಂದೆ.

ಹಳೆಯ ನೆಂಟನಿಗೆ ಕೊಂಬುಗಳಿರುವುದು ಗೊತ್ತೇ ಇತ್ತು. ಇದು ಅವನೇ ಆಗಿರಬಹುದು. ಎರಡನೆಯದರಲ್ಲೂ ಇದ್ದರೆ, ಭಟ್ಟಿ ಕೊಂಬು ತಿಂದಿದೆ, ನಮ್ಮ ಗಿಡ ಹೊಸದಲ್ಲ, ಅವಳ ಪ್ರಬಂಧವಿಲ್ಲ. ಪಟ್ಟಿ ಬದಲಿಸಿದೆ.

ಎರಡನೆಯ ಪಟ್ಟಿ. ನುಣುಪಾದ ಬೆನ್ನು. ಸೂಜಿಯಿಂದ ಹೊರಳಿಸಿದೆ. ಇನ್ನೊಂದು ಚೀಲ, ಮತ್ತೊಂದು. ಗಾಯವಿಲ್ಲ, ಚುಕ್ಕೆಯಿಲ್ಲ. ಬಿಸಿ ಕಾಣದ, ಮೇಣದಡಿ ಭದ್ರವಾಗಿ ಬಂದ ಹೂವಿನ ಪರಾಗದ ಚೀಲಗಳು.

"ಇಲ್ಲ."

"ಇನ್ನೊಮ್ಮೆ ನೋಡ್ರಿ."

"ಇಲ್ಲ ರೇಣುಕಾ."

"ಇಲ್ಲ ಅಲ್ರೀ?" ಅವಳು ತಿರುಗಿದಳು. "ನನಗೂ ಕಾಣ್ಲಿಲ್ರಿ. ಬೆಟ್ಟದಾಗೂ ಕಾಣ್ಲಿಲ್ಲ, ಈಗ ಬಿಡಿಸುವಾಗೂ ಮತ್ತ ನೋಡಿದ್ನಿ, ಇಲ್ಲ, ಇಲ್ರಿ, ಇಲ್ಲ." ಹೇಳುತ್ತಾ ಹೇಳುತ್ತಾ ಸ್ಟೂಲಿನ ಮೇಲೆ ಕುಸಿದು ಜೋರಾಗಿ ಅತ್ತಳು. ರೈಲಿನ ಅಷ್ಟು ದೂರದ ದಾರಿಯಲ್ಲಿ ತಡೆದಿಟ್ಟುಕೊಂಡದ್ದೆಲ್ಲ ಹೊರಬಂತು. ನನ್ನ ಕನ್ನಡಕವೂ ಮಂಜಾಗಿತ್ತು. ನಾನೂ ಅವಳ ಬೆನ್ನು ಸವರುತ್ತಾ, ಮತಿಗೆಟ್ಟವಳ ಹಾಗೆ, "ಇಲ್ಲ, ಇಲ್ಲ" ಎನ್ನುತ್ತಿದ್ದೆ.

ಬಾಗಿಲಲ್ಲಿ ಸಾವಂತ್ ಸರ್ ನಿಂತಿದ್ದರು. ಅಳು ಕೇಳಿ ಬಂದಿರಬೇಕು. ಕನ್ನಡದಲ್ಲಿ ಅವರಿಗೆ ತಿಳಿದಿದ್ದುದು ಒಂದೇ ಪದ, 'ಇಲ್ಲ'. ಶೇಖರಣ್ಣನ ಹೋಟೆಲಿಗೆ ಅವರು ಯಾವಾಗಲೂ ಬನ್ಸ್ ಮುಗಿದ ಮೇಲೆಯೇ ಹೋಗುತ್ತಿದ್ದರು, ಹಾಗೆ ಕಲಿತ ಪದ ಅದು. ಅವರು ಮೆಲ್ಲನೆ ಒಳಗೆ ಬಂದು, ಸೂಕ್ಷ್ಮದರ್ಶಕದ ದೀಪವನ್ನು ತಾವೇ ಆರಿಸಿ, ಅವಳ ಎದುರಿನ ಸ್ಟೂಲಿನ ಮೇಲೆ ಕೂತರು.

"ಜಾಊ ದೇ ಬೇಟಾ" ಎಂದರು, ಹೋಗಲಿ ಬಿಡು ಎಂದು. ವಿಶ್ವವಿದ್ಯಾಲಯದವರ ಹತ್ತಿರ ತಾವೇ ಮಾತಾಡುವುದಾಗಿಯೂ, ಅವಧಿ ವಿಸ್ತರಿಸಲು ಕೇಳುವುದಾಗಿಯೂ, ಅವರು ಒಪ್ಪದಿದ್ದರೆ ಇನ್ನೂ ಮೇಲಿನವರ ಬಳಿಗೆ ಹೋಗುವುದಾಗಿಯೂ, ಈ ಗಿಡವಲ್ಲದಿದ್ದರೆ ಇನ್ನೊಂದು ಗಿಡ ಸಿಗುತ್ತದೆಂದೂ ಮರಾಠಿಯಲ್ಲಿ ಹೇಳುತ್ತಲೇ ಹೋದರು. ಹೆಸರಿಡುವ ಕೆಲಸವೇನು ಕಡಿಮೆಯದಲ್ಲ ಎಂದೂ ಸೇರಿಸಿದರು. ಇಷ್ಟು ವರ್ಷದಲ್ಲಿ ಅವರ ಬಾಯಿಂದ ನಾನು ಆ ಮಾತು ಕೇಳಿರಲಿಲ್ಲ. ನಿಲ್ಲಿಸಲು ಮನಸ್ಸು ಬರಲಿಲ್ಲ.

ರೇಣುಕಾ ಓಢಣಿಯಿಂದ ಮೂಗು ಒರೆಸಿಕೊಂಡು ತಲೆಯೆತ್ತಿದಳು.

"ಸರ್, ತುಮ್ಹಾಲಾ ಸಮಜಲಂ ನಾಹೀ" ಎಂದಳು, ನಿಮಗೆ ಅರ್ಥವಾಗಲಿಲ್ಲ ಎಂದು. ಅಳುವಿನ ನಡುವೆಯೇ ನಗು ಬಂದು ಮಾತು ತಡೆಯಿತು. ಆಮೇಲೆ ಮುಗಿಸಿದಳು:

"ಇಲ್ಲ ಮ್ಹಣಜೇ ಆಹೇ."

ಇಲ್ಲ ಅಂದರೆ, ಇದೆ.